ಡ್ರೈವರ್ ಮಾವನ ಮೊದಲ ಗೀರು

ನಮ್ಮ ಬೀದಿಗೆ ಹೊಸ ಗಾಡಿ ಬಂದರೆ ಮೊದಲು ಗೊತ್ತಾಗುವುದು ನನಗೆ. ನಾನು ಸೀಟು ಹೊಲಿಯುವವಳು. ಯಾರ ಬೈಕಿನ ಸೀಟು ಹರಿದರೂ, ಯಾರಿಗೆ ಕೂತು ಕೂತು ಸೊಂಟ ಹಿಡಿದರೂ ನನ್ನ ಅಂಗಡಿಗೇ ಬರಬೇಕು. ಪಕ್ಕದ್ದೇ ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ ನನ್ನ ಯಜಮಾನರು. ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಟಕಿ. ಅವರು ಅಲ್ಲಿ ಸ್ಪ್ಯಾನರ್ ಕೆಳಗಿಟ್ಟರೆ ನನಗೆ ಇಲ್ಲಿ ಕೇಳಿಸುತ್ತದೆ. ನಾನು ಇಲ್ಲಿ ಗೊಣಗಿದ್ದು ಮಾತ್ರ ಅವರಿಗೆ ಯಾವತ್ತೂ ಕೇಳಿಸಿಲ್ಲ.

ಆ ಮಂಗಳವಾರ ಬಂದ ಗಾಡಿಯನ್ನು ನೋಡಲು ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಅಡ್ವೆಂಚರ್ ಬೈಕು ಅಂತಾರಲ್ಲ, ಕಲ್ಲು, ಮಣ್ಣು, ಹಳ್ಳ ಯಾವುದಕ್ಕೂ ಜಗ್ಗದ ಗಾಡಿ, ಅದು. ಎತ್ತರ ಅಂದರೆ ಎತ್ತರ. ಅದರ ಮೇಲೆ ಕೂತು ಬಂದವಳು ಪುಟ್ಟಿ.

ಪುಟ್ಟಿ ಎಂದರೆ ಸಣ್ಣ ಹುಡುಗಿ ಅಂದುಕೊಳ್ಳಬೇಡಿ. ವಯಸ್ಸು ಮೂವತ್ತು ದಾಟಿದೆ, ಕೆಲಸ ಜಮೀನು ಅಳೆಯುವುದು. ಎತ್ತರ ಕಮ್ಮಿ ಅಂತ ಎಲ್ಲರೂ ಹಾಗೆ ಕರೆಯುತ್ತಾರೆ. ಊರಿನ ಹೊಲಗದ್ದೆಯನ್ನೆಲ್ಲ ಟೇಪು ಹಿಡಿದು ಅಳೆಯುವವಳಿಗೆ ತನ್ನ ಎತ್ತರದ ಮಾತೆತ್ತಿದರೆ ಮಾತ್ರ ಕೋಪ.

"ಅಕ್ಕಾ, ಸೀಟು ಎರಡು ಬೆರಳು ಇಳಿಸಿಕೊಡಿ. ಭಾನುವಾರ ಹೊರಡ್ತಿದ್ದೀವಿ!" ಎಂದಳು. ಮುಖವೆಲ್ಲ ನಗು.

"ಯಾರ್ಯಾರು?"

"ನಾನು, ಅಪ್ಪ!"

ಅವಳ ಅಪ್ಪನನ್ನು ನಾವು ಡ್ರೈವರ್ ಮಾವ ಅನ್ನುತ್ತೇವೆ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅದರಲ್ಲಿ ಮೊದಲ ಹನ್ನೊಂದು ವರ್ಷ ಬೆಟ್ಟದ ದಾರಿ. ಆ ದಾರಿ ಎಂದೋ ಕುಸಿದು ಈಗ ಬಸ್ಸು ಹೋಗುವುದಿಲ್ಲ, ಬೈಕು ಮಾತ್ರ ಹೋಗುತ್ತದೆ. ಅದೂ ಈ ತಿಂಗಳ ಕೊನೆಯವರೆಗೆ. ಆಮೇಲೆ ಗೇಟು ಹಾಕಿದರೆ ತೆರೆಯುವುದು ಮುಂದಿನ ವರ್ಷವೇ. ಮುಂದಿನ ತಿಂಗಳು ಮಾವನ ಎಡಮಂಡಿಗೆ ಆಪರೇಷನ್ನು. ಅಷ್ಟು ವರ್ಷ ಬಸ್ಸಿನ ಕ್ಲಚ್ಚು ತುಳಿದೂ ತುಳಿದೂ ಆ ಮಂಡಿ ಸವೆದು ಹೋಗಿದೆ. 'ಪ್ರಯಾಣ ಮಾಡಿ, ತೊಂದರೆಯಿಲ್ಲ. ಆದರೆ ಆ ಮಂಡಿಗೆ ಒಂದು ಪೆಟ್ಟು ಬೀಳಕೂಡದು, ಬಿದ್ದರೆ ಹಾಸಿಗೆಯೇ ಗತಿ' ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಮೊದಲು ಆ ದಾರಿಯನ್ನು ಇನ್ನೊಂದು ಸಲ ನೋಡಬೇಕು ಎನ್ನುವುದು ಮಾವನ ಆಸೆ. ಆ ಆಸೆಗಾಗಿಯೇ ಪುಟ್ಟಿ ಈ ಗಾಡಿ ತಂದಿದ್ದಳು.

ನಾನು ಸೀಟು ಬಿಚ್ಚುತ್ತಿದ್ದಾಗ ನಮ್ಮವರು ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದು ಗಾಡಿಗೆ ಒಂದು ಸುತ್ತು ಹಾಕಿದರು.

"ಪುಟ್ಟಿ, ಇದಕ್ಕೆ ಕ್ರ್ಯಾಶ್ ಗಾರ್ಡ್ ಹಾಕ್ಸಿಲ್ವಲ್ಲ?"

ಕ್ರ್ಯಾಶ್ ಗಾರ್ಡ್ ಅಂದರೆ ಇಂಜಿನ್ನಿನ ಎರಡೂ ಪಕ್ಕಕ್ಕೆ ಬಾಗಿಸಿ ಕೂರಿಸುವ ಗಟ್ಟಿ ಪೈಪು. ಗಾಡಿ ಮಗುಚಿದರೆ ಮೊದಲು ನೆಲಕ್ಕೆ ತಾಗುವುದು ಅದೇ.

ಪುಟ್ಟಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು. "ಏನು, ಬೀಳೋ ಯೋಚನೆ ಮಾಡ್ಕೊಂಡೇ ಗಾಡಿ ಹತ್ಬೇಕಾ? ನೋಡಪ್ಪಾ ಮೆಕ್ಯಾನಿಕ್ಕು, ಮೂವತ್ತೆರಡು ವರ್ಷ. ಒಂದು ಗೀರಿಲ್ಲ!"

ಇದು ಗೊತ್ತಿಲ್ಲದವರು ನಮ್ಮ ಬೀದಿಯಲ್ಲಿ ಇಲ್ಲ. ಅಪಘಾತವಿಲ್ಲದ ಸೇವೆಗಾಗಿ ಕೊಟ್ಟ ಪ್ರಮಾಣಪತ್ರ ಅವರ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತದೆ. ನೀರು ಕೇಳಿಕೊಂಡು ಹೋದವರೂ ಅದನ್ನು ಓದಿಯೇ ಹಿಂದಿರುಗಬೇಕು.

"ಮಾವ, ಒಂದು ಮಾತು ಕೇಳ್ತೀನಿ," ಎಂದರು ನಮ್ಮವರು. "ನನ್ನ ಗ್ಯಾರೇಜಿಗೆ ಬಿದ್ದು ಬರೋ ಇಂಥ ಗಾಡಿಗಳು ಎಲ್ಲಿ ಬಿದ್ದಿರ್ತವೆ ಹೇಳಿ?"

"ಎಲ್ಲಿ? ಬೆಟ್ಟದಲ್ಲಿ, ತಿರುವಿನಲ್ಲಿ."

"ಅಲ್ಲ. ಹೆಚ್ಚಿನವು ನಿಂತಲ್ಲೇ ಬಿದ್ದಿರ್ತವೆ. ಪೆಟ್ರೋಲ್ ಬಂಕಲ್ಲಿ, ಮನೆ ಗೇಟಲ್ಲಿ, ಗಾಡಿ ತಿರುಗಿಸೋವಾಗ. ಎತ್ತರದ ಗಾಡಿ, ಮೇಲೆ ಸಾಮಾನಿನ ಭಾರ. ಸ್ವಲ್ಪ ವಾಲಿದ್ರೆ ಹಿಡಿಯೋಕಾಗಲ್ಲ."

ಹೀಗೆಂದವರು ಗ್ಯಾರೇಜಿನ ಮೂಲೆಯ ಗುಜರಿ ರಾಶಿಯಿಂದ ಒಂದು ಹಳೆಯ ರೇಡಿಯೇಟರ್ ಎಳೆದು ತಂದು ಮಾವನ ಕೈಯಲ್ಲಿ ಇಟ್ಟರು. ಒಂದು ಪಕ್ಕ ಒಳಕ್ಕೆ ಕುಕ್ಕಿ ಹೋಗಿತ್ತು. ಮಧ್ಯೆ ಬೆರಳು ತೂರುವಷ್ಟು ತೂತು.

"ಇದು ಟೀ ಕುಡಿಯೋಕೆ ನಿಲ್ಲಿಸಿದ್ದ ಗಾಡಿ. ಮಗುಚಿದ ಜಾಗದಲ್ಲೊಂದು ಕಲ್ಲಿತ್ತು, ಅಷ್ಟೇ. ನಿಮ್ಮ ಬೆಟ್ಟದ ದಾರೀಲಿ ಬಸ್ಸು ಕಾದು ಕೆಂಡ ಆದಾಗ ಎಲ್ಲೋ ನಿಲ್ಲಿಸಿ ನೀರು ಹಾಕ್ತಿದ್ದೆ ಅಂತ ಹೇಳ್ತಿರ್ತೀರಲ್ಲ?"

"ಒರತೆ ತಿರುವು!" ಮಾವನ ಕಣ್ಣು ಮಿಂಚಿತು. "ಬಂಡೆ ಸಂದಿಯಿಂದ ತಣ್ಣಗೆ ನೀರು ಬರುತ್ತೆ. ದಿನಾ ನಿಲ್ಲಿಸ್ತಿದ್ದೆ."

"ಈ ಗಾಡಿ ಇಂಜಿನ್ನು ತಣ್ಣಗಾಗೋದೂ ನೀರಿಂದಾನೇ ಮಾವ. ಅಂಥ ಕಡೆ ರೇಡಿಯೇಟರ್ ಒಡೆದ್ರೆ ಒರತೆ ನೀರೆಲ್ಲ ಸುರಿದ್ರೂ ನಿಲ್ಲಲ್ಲ. ತಳ್ಳಿಕೊಂಡೇ ಇಳೀಬೇಕು. ಆ ಮಂಡಿ ಇಟ್ಕೊಂಡು ತಳ್ತೀರಾ?"

ಮಾವ ರೇಡಿಯೇಟರನ್ನು ಮೆಲ್ಲಗೆ ಕೆಳಗಿಟ್ಟರು. ಹಟ ಮಾತ್ರ ಕೆಳಗಿಡಲಿಲ್ಲ. "ಪುಟ್ಟಿಗೆ ಕಾಲು ಎಟಕಲ್ಲ, ಅವಳಿಗೆ ಬೇಕಾಗಬಹುದು. ಆದ್ರೆ ಅದನ್ನ ಹಾಕಿಸಿದ್ರೆ 'ಇದು ಬೀಳೋರ ಗಾಡಿ' ಅಂತ ಬೋರ್ಡು ಹಾಕಿದ ಹಾಗಲ್ವಾ? ಡ್ರೈವರ್ ಮನೆ ಗಾಡಿಗೆ ಅಂಥ ಬೋರ್ಡು?"

ಅತ್ತೆ, ಅಂದರೆ ಮಾವನ ಹೆಂಡತಿ, ಅಷ್ಟು ಹೊತ್ತೂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದರು. ಅವರು ಮಾತಾಡುವುದೇ ಕಮ್ಮಿ, ಆಡಿದರೆ ಮಾತ್ರ ಎದುರಿನವರಿಗೆ ಉತ್ತರ ಸಿಗುವುದಿಲ್ಲ.

"ರೀ, ನಿಮ್ಮ ಬಸ್ಸಿಗೆ ಬಂಪರ್ ಇತ್ತಾ ಇಲ್ವಾ?"

"ಇತ್ತು."

"ನಾನು ಗುದ್ದೋನಲ್ಲ, ಬಿಚ್ಚಿಡಿ ಅಂತ ಯಾವತ್ತಾದ್ರೂ ಡಿಪೋದಲ್ಲಿ ಹೇಳಿದ್ರಾ?"

ನಾನು ಬಾಯಲ್ಲಿದ್ದ ದಾರ ನುಂಗುವುದೊಂದು ಬಾಕಿ. ನಮ್ಮವರು ಗಾಡಿಯ ಹಿಂದೆ ಬಗ್ಗಿ ನಕ್ಕರು. ಮಾವ ಮಾತ್ರ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು.

ಪುಟ್ಟಿಗೂ ಅನುಮಾನವಿತ್ತು. ಅದು ಅಪ್ಪನಂಥ ಅನುಮಾನವಲ್ಲ, ಲೆಕ್ಕಾಚಾರದ್ದು. "ಅಣ್ಣಾ, ಅದೇ ಐದಾರು ಕೆಜಿ ತೂಗುತ್ತೆ ಅಂತಾರೆ. ಮೊದಲೇ ಗಾಡಿ ಭಾರ. ನನ್ನಂಥೋಳಿಗೆ ಅದು ಇನ್ನಷ್ಟು ಕಷ್ಟ ಅಲ್ವಾ?"

ನಮ್ಮವರಲ್ಲಿ ನನಗೆ ಇಷ್ಟವಾಗುವ ಗುಣ ಇದೊಂದೇ, ಮಾರುವುದಕ್ಕಾಗಿ ಸುಳ್ಳು ಹೇಳುವುದಿಲ್ಲ. "ಭಾರ ಹೌದು. ಸರ್ವಿಸ್ ಮಾಡೋವಾಗ ನನಗೂ ಅಡ್ಡ ಬರುತ್ತೆ, ಬೈಕೊಂಡೇ ಬಿಚ್ತೀನಿ. ದಿನಾ ಡಾಂಬರು ರಸ್ತೇಲಿ ಆಫೀಸಿಗೆ ಹೋಗಿ ಬರೋರಾದ್ರೆ ಅವಸರ ಇಲ್ಲ, ಯೋಚನೆ ಮಾಡಿ ಅಂತಿದ್ದೆ. ನೀವು ಹೋಗ್ತಿರೋದು ಕಲ್ಲಿನ ದಾರಿ. ಇಬ್ಬರು, ಜೊತೆಗೆ ಪೆಟ್ಟಿಗೆ ಸಾಮಾನು. ಹತ್ತಿರದಲ್ಲಿ ಗ್ಯಾರೇಜಿಲ್ಲ. ಅಂಥ ಕಡೆ ಗಾಡಿ ಬಿದ್ರೂ ಎದ್ದು ಮುಂದಕ್ಕೆ ಹೋಗೋ ಹಾಗಿರಬೇಕು. ಗಾರ್ಡ್ ಕೆಲಸ ಅಷ್ಟೇ."

"ನಮ್ಮನ್ನೂ ಕಾಯುತ್ತಾ?"

"ಅದನ್ನ ನಂಬಬೇಡ. ನಿಧಾನಕ್ಕೆ ಮಗುಚಿದಾಗ ಕಾಲಿಗೆ ಸ್ವಲ್ಪ ಜಾಗ ಸಿಗಬಹುದು. ಜೋರಾಗಿ ಹೋಗಿ ಗುದ್ದಿದ್ರೆ ಯಾವ ಪೈಪೂ ಕಾಯಲ್ಲ. ತಲೆಗೆ ಹೆಲ್ಮೆಟ್ಟೇ, ಕಾಲಿಗೆ ಬೂಟೇ. ಇನ್ನೊಂದು, ಸಿಕ್ಕ ಪೈಪು ತಂದು ವೆಲ್ಡಿಂಗ್ ಮಾಡಿಸ್ಬೇಡ. ಬಿದ್ದಾಗ ಅದು ಗಾಡಿ ಫ್ರೇಮನ್ನೇ ಬಗ್ಗಿಸಿಬಿಡುತ್ತೆ. ಈ ಮಾಡೆಲಿಗೇ ಅಂತ ಮಾಡಿದ್ದು ಬೇಕು. ನಾಲ್ಕಾರು ಕಡೆ ಬೋಲ್ಟು ಕೂತಿರಬೇಕು, ಒಂದೇ ಬೋಲ್ಟಿಗೆ ನೇತಾಡೋದಲ್ಲ."

ಪುಟ್ಟಿ ಕಾಗದ ನೋಡದೆ ಹೆಜ್ಜೆ ಇಡುವವಳಲ್ಲ. ಮರುದಿನ ಸಾರಿಗೆ ಕಚೇರಿಗೇ ಹೋಗಿ, ಬೈಕಿಗೆ ಇದನ್ನು ಹಾಕಿಸಬಹುದೇ ಎಂದು ಕೇಳಿ ಬಂದಳು. ಹ್ಯಾಂಡಲಿಗಿಂತ ಹೊರಗೆ ಚಾಚದೆ, ಯಾರಿಗೂ ಚುಚ್ಚದ ಹಾಗಿದ್ದರೆ ಸರಿ ಎಂದು ಅಲ್ಲಿ ಹೇಳಿದರಂತೆ. ಬಂದವಳೇ, "ಹಾಕಿಬಿಡಿ ಅಣ್ಣಾ. ಗಾಡಿ ನಂದು, ತೀರ್ಮಾನನೂ ನಂದು!" ಎಂದಳು.

ಶುಕ್ರವಾರ ಗಾರ್ಡ್ ಕೂತಿತು. ನಮ್ಮವರು ಇಂಜಿನ್ನಿಗೆ ಕೆಳಗಿನಿಂದ ಜಾಕ್ ಕೊಟ್ಟು, ಒಂದೊಂದೇ ಬೋಲ್ಟು ಬಿಚ್ಚಿ, ಪೈಪು ಸೇರಿಸಿ ಮತ್ತೆ ಬಿಗಿದರು. ಆಮೇಲೆ ನನ್ನ ಅಂಗಡಿಯ ಫೋಮ್ ಹಾಳೆಗಳನ್ನೆಲ್ಲ ಕೇಳದೆ ಹೊತ್ತೊಯ್ದು ನೆಲಕ್ಕೆ ಹಾಸಿ, ಗಾಡಿಯನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿದರು.

"ಈಗ ಎತ್ತು ಪುಟ್ಟಿ."

"ನಾನಾ?"

"ಬೆಟ್ಟದಲ್ಲಿ ನಾನಿರ್ತೀನಾ? ಮೊದಲು ಗಾಡಿ ಆಫ್ ಮಾಡು, ಗೇರಿಗೆ ಹಾಕು. ಗಾಡಿಗೆ ಬೆನ್ನು ಕೊಟ್ಟು ಕೂರು. ಒಂದು ಕೈಲಿ ಹ್ಯಾಂಡಲು, ಇನ್ನೊಂದು ಕೈಲಿ ಹಿಂದಿನ ಕಂಬಿ. ಬೆನ್ನಿಂದ ಎಳೀಬೇಡ, ಕಾಲಿಂದ ತಳ್ಳು."

ಗಾರ್ಡ್ ಇದ್ದುದರಿಂದ ಗಾಡಿ ಪೂರ್ತಿ ನೆಲಕ್ಕೆ ಅಂಟಿರಲಿಲ್ಲ, ಒಂದು ಗೇಣಿನಷ್ಟು ಎದ್ದೇ ಇತ್ತು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಹಲ್ಲು ಕಚ್ಚಿ, ಮುಖ ಕೆಂಪಾಗಿಸಿಕೊಂಡು ಹೆಜ್ಜೆ ಹೆಜ್ಜೆ ಹಿಂದಕ್ಕೆ ತಳ್ಳಿದಳು ನೋಡಿ, ಗಾಡಿ ಎದ್ದು ನಿಂತಿತು! ನಾನು ಹೊಲಿಗೆ ಬಿಟ್ಟು ಚಪ್ಪಾಳೆ ಹೊಡೆದೆ. ಎದುರುಮನೆಯ ಮಹಡಿಯಿಂದಲೂ ಚಪ್ಪಾಳೆ ಬಂತು. ಪುಟ್ಟಿ ಅಂಗೈ ಒರೆಸಿಕೊಂಡು, "ಇನ್ನೊಂದು ಸಲ ಮಲಗಿಸಿ ಅಣ್ಣಾ!" ಎಂದಳು. ನಾಲ್ಕು ಸಲ ಎತ್ತಿದಳು. ನನ್ನ ಫೋಮಿನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಸಂಜೆ ಮಾವ ಬಂದು ನೋಡಿದರು. ಹೆಗಲ ಮೇಲಿನ ಟವಲು ತೆಗೆದು ಎಡಗಡೆಯ ಗಾರ್ಡಿಗೆ ನೀಟಾಗಿ ಸುತ್ತಿ ಗಂಟು ಹಾಕಿದರು.

"ಇದ್ಯಾಕೆ ಅಪ್ಪಾ?"

"ಬೀದಿ ಕಡೆಗೆ ಕಾಣೋದು ಈ ಪಕ್ಕ. ಊರು ದಾಟಿದ ಮೇಲೆ ಬಿಚ್ಚಿದ್ರಾಯ್ತು."

ಭಾನುವಾರ ಬೆಳಿಗ್ಗೆ ಏಳಕ್ಕೇ ಬೀದಿ ಜಾತ್ರೆಯಾಗಿತ್ತು. ಗಾಡಿಯ ಹಿಂದೆ ಎರಡೂ ಪಕ್ಕಕ್ಕೆ ಕೂರಿಸಿದ ಪೆಟ್ಟಿಗೆಗಳು ತುಂಬಿದ್ದವು, ಹೊಸ ಸೀಟು ಮಿರಮಿರ ಮಿಂಚುತ್ತಿತ್ತು, ಪುಟ್ಟಿ ಹತ್ತು ಸಲ ನಕ್ಷೆ ನೋಡಿದ್ದಳು. ನನಗಂತೂ ನಾನೇ ಹೊರಟಷ್ಟು ಸಂಭ್ರಮ. ಮಾವ ಹೆಲ್ಮೆಟ್ಟು, ಬೂಟು ಹಾಕಿಕೊಂಡು ಮದುಮಗನ ಹಾಗೆ ಹೊರಗೆ ಬಂದರು.

"ಬೀದಿ ದಾಟೋವರೆಗೆ ನಾನೇ ಓಡಿಸ್ತೀನಿ. ನಾಲ್ಕು ಜನ ನೋಡ್ಲಿ."

ಲೈಸೆನ್ಸಿದೆ, ಆಳೂ ಎತ್ತರ. ಬೇಡ ಅನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಮಾವ ಒಬ್ಬರೇ ಹತ್ತಿ ಮೆಲ್ಲಗೆ, ಎಷ್ಟು ಚೆಂದ ಅಂತೀರಿ, ಅಂಗಳದಿಂದ ಬೀದಿಗೆ ಇಳಿಸಿದರು. ನನ್ನ ಅಂಗಡಿಯ ಮುಂದೆ ರಸ್ತೆ ಇಳಿಜಾರು. ಅಲ್ಲಿಗೆ ಬರುವ ಹೊತ್ತಿಗೆ ಹಿಂದಿನಿಂದ ಅತ್ತೆ ಕೂಗಿದರು, "ರೀ! ಮಾತ್ರೆ ಡಬ್ಬಿ ಬಿಟ್ಟು ಹೋಗ್ತಿದ್ದೀರಿ!"

ಮಾವ ನಿಲ್ಲಿಸಿದರು. ಆಮೇಲೆ ಮಾಡಿದ್ದನ್ನು ನಾನು ಮೂರು ಮಾರು ದೂರದಿಂದ ಕಣ್ಣಾರೆ ನೋಡಿದೆ. ನ್ಯೂಟ್ರಲ್ ಮಾಡಿದರು. ಇಂಜಿನ್ ಆಫ್ ಮಾಡಿದರು. ಸೈಡ್ ಸ್ಟ್ಯಾಂಡ್ ಹಾಕಿದರು. ಆಮೇಲೆ ಎಡಗೈ ತಾನಾಗಿ ಸೀಟಿನ ಪಕ್ಕಕ್ಕೆ ಇಳಿದು, ಅಲ್ಲಿ ಇಲ್ಲದ ಏನನ್ನೋ ಹಿಡಿದು ಮೇಲಕ್ಕೆ ಎಳೆಯಿತು. ಬಸ್ಸಿನ ಹ್ಯಾಂಡ್ ಬ್ರೇಕು! ಮೂವತ್ತೆರಡು ವರ್ಷ ಎಳೆದ ಕೈ, ಗಾಳಿಯನ್ನೂ ಎಳೆಯಿತು. ಬ್ರೇಕು ಹಾಕಿದೆ ಎಂಬ ನೆಮ್ಮದಿಯಲ್ಲಿ ಮಾವ ಇಳಿದು, ಗಾಡಿಯ ಎಡಗಡೆ ನಿಂತು, ಡಬ್ಬಿಗೆ ಕೈ ಚಾಚಿದರು.

ಬೈಕಿಗೆ ಅಂಥ ಬ್ರೇಕಿಲ್ಲ. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಬೇಕು. ನ್ಯೂಟ್ರಲ್ಲಿನಲ್ಲಿದ್ದ ಗಾಡಿ ಮುಂದಕ್ಕೆ ಉರುಳಿತು, ಸ್ಟ್ಯಾಂಡು ಮಡಚಿಕೊಂಡಿತು.

"ಮಾವ, ಬಿಟ್ಟುಬಿಡಿ! ಹಿಡೀಬೇಡಿ!" ನಮ್ಮವರು ಕಿರುಚಿದರು.

ಡ್ರೈವರಾದವರು ಗಾಡಿ ಬಿಡುತ್ತಾರೆಯೇ? ಎರಡೂ ಕೈಯಲ್ಲಿ ಹ್ಯಾಂಡಲು ತಬ್ಬಿದರು. ಇನ್ನೂರು ಕೆಜಿ ಮೀರಿದ ಗಾಡಿ, ಜೊತೆಗೆ ತುಂಬಿದ ಪೆಟ್ಟಿಗೆಗಳು. ಧಡಾರನೆ ಗಾಡಿಯೂ ಮಾವನೂ ಒಟ್ಟಿಗೇ ಬಿದ್ದರು. ಎಡಗಾಲು ಅಡಿಗೆ ಹೋಯಿತು. ಅದೇ ಕಾಲು.

ಅತ್ತೆಯ ಕೈಯಿಂದ ಡಬ್ಬಿ ಜಾರಿ ಮಾತ್ರೆಗಳೆಲ್ಲ ಇಳಿಜಾರಿನಲ್ಲಿ ಉರುಳಿದವು.

"ಅಪ್ಪಾ! ಕಾಲು ಎಳ್ಕೋಬೇಡ, ಹಾಗೇ ಇರು!" ಪುಟ್ಟಿ ಓಡಿದಳು.

ಗಾಡಿಯ ಅಡಿಯಿಂದ ಮಾವನ ದನಿ ಬಂತು. ನೋವಿನದ್ದಲ್ಲ, ಆಶ್ಚರ್ಯದ್ದು. "ಪುಟ್ಟಿ... ಇಲ್ಲಿ ಜಾಗ ಇದೆ ಕಣೇ."

"ಏನು?"

"ಕಾಲಿನ ಮೇಲೆ ಭಾರ ಇಲ್ಲ. ಆಡಿಸ್ತಿದ್ದೀನಿ, ನೋಡು."

ಬಗ್ಗಿ ನೋಡಿದೆವು. ಮುಂದೆ ಗಾರ್ಡ್, ಹಿಂದೆ ಪೆಟ್ಟಿಗೆ, ಎರಡೂ ನೆಲಕ್ಕೆ ಊರಿ ಗಾಡಿಯನ್ನು ಎತ್ತಿ ಹಿಡಿದಿದ್ದವು. ನಡುವಿನ ಆ ಗೇಣು ಜಾಗದಲ್ಲಿ ಮಾವನ ಮಂಡಿ ಬೆಚ್ಚಗೆ ಕೂತಿತ್ತು.

ಪುಟ್ಟಿ ಮೊದಲು ಗಾಡಿಯನ್ನು ಗೇರಿಗೆ ಹಾಕಿದಳು. ಬೆನ್ನು ಕೊಟ್ಟು ಕೂತಳು. ನಮ್ಮವರು ಹಿಂದಿನ ಪೆಟ್ಟಿಗೆ ಹಿಡಿದರು. ನಾನೂ ಅತ್ತೆಯೂ ಮಾವನ ಕಂಕುಳಿಗೆ ಕೈ ಹಾಕಿದೆವು. "ಈಗ!" ಎಂದಳು. ಗಾಡಿ ಎದ್ದಿತು, ಮಾವ ಹೊರಗೆ ಬಂದರು. ಬೀದಿಯವರ ಕೂಗಿಗೆ ನನ್ನ ಕಿವಿ ಗುಂಯ್‌ಗುಟ್ಟಿತು. ನನಗೆ ಅಳು ಬಂತೋ ನಗು ಬಂತೋ ಇವತ್ತಿಗೂ ಗೊತ್ತಿಲ್ಲ.

ನಮ್ಮವರು ಗಾಡಿಯ ಅಡಿಗೆ ಕೈ ಹಾಕಿ ತಡಕಿದರು. ರೇಡಿಯೇಟರಿನಿಂದ ಒಂದು ಹನಿ ಇಲ್ಲ. ಟ್ಯಾಂಕಿಗೆ ತಗ್ಗಿಲ್ಲ, ಹ್ಯಾಂಡಲು ನೆಟ್ಟಗಿದೆ. ಗಾರ್ಡಿನ ಮೇಲೆ ಅಂಗೈಯುದ್ದದ ಗೀರು. ಅದರ ಮೇಲೆ ಸುತ್ತಿದ್ದ ಟವಲು ಮಾತ್ರ ಸವೆದು ದೊಡ್ಡ ತೂತು.

"ಹೊರಡೋಣ್ವಾ?" ಎಂದರು ಮಾವ.

"ಮೊದಲು ಡಾಕ್ಟರ ಹತ್ರ," ಎಂದರು ಅತ್ತೆ.

ಅವರು ಹೋಗಿ ಬರುವಷ್ಟರಲ್ಲಿ ನಾನು ಉಳಿದ ರೆಕ್ಸಿನ್ ತುಂಡಿನಿಂದ ಒಂದು ಪಟ್ಟಿ ಹೊಲಿದೆ. ಬಲಗೈಯ ಬ್ರೇಕನ್ನು ಹ್ಯಾಂಡಲಿಗೆ ಒತ್ತಿ ಹಿಡಿದು ಇದನ್ನು ಸುತ್ತಿ ಬಿಗಿದರೆ ಮುಂದಿನ ಚಕ್ರ ಉರುಳುವುದಿಲ್ಲ. ಹನ್ನೊಂದಕ್ಕೆ ಮೂವರೂ ಬಂದರು. ಮಂಡಿಯ ಕೆಳಗೆ ಚರ್ಮ ತರಚಿದೆ, ಮಂಡಿ ಹಾಗೇ ಇದೆ, ಹೋಗಿ ಬನ್ನಿ ಎಂದರಂತೆ ಡಾಕ್ಟರು!

ನಾನು ಪಟ್ಟಿ ಕೊಟ್ಟೆ. "ತಗೊಳ್ಳಿ ಮಾವ, ನಿಮ್ಮ ಹ್ಯಾಂಡ್ ಬ್ರೇಕು. ಗೇರಿಗೂ ಹಾಕಿ, ಇದನ್ನೂ ಕಟ್ಟಿ."

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಹೋಗಿ ಸೀಟಿನ ಹಿಂಭಾಗದಲ್ಲಿ ಕೂತರು. "ಮಗಳೇ, ನೀನೇ ಓಡಿಸು. ನಾನು ಟಿಕೆಟ್ ತಗೊಂಡು ಹಿಂದೆ ಕೂತಿದ್ದೀನಿ." ಹನ್ನೊಂದೂಕಾಲಿಗೆ ಗಾಡಿ ಹೊರಟಿತು. ಟವಲು ಅತ್ತೆಯ ಕೈಯಲ್ಲಿ ಉಳಿಯಿತು.

ನಾಲ್ಕನೇ ದಿನ ನನ್ನ ಅಂಗಡಿಯಲ್ಲಿ ಕೂತಿದ್ದ ಅತ್ತೆಯ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾವ ಕೂಗುತ್ತಿದ್ದುದು ಕಿಟಕಿಯಾಚೆ ಗ್ಯಾರೇಜಿಗೂ ಕೇಳಿಸಿತು. "ಲೇ, ಒರತೆ ತಿರುವಲ್ಲಿದ್ದೀವಿ! ಅದೇ ಬಂಡೆ! ಅದೇ ನೀರು! ಬೊಗಸೆ ತುಂಬ ಕುಡಿದೆ. ಗಾಡಿಗೆ ಮಾತ್ರ ಒಂದು ತೊಟ್ಟೂ ಬೇಕಾಗಿಲ್ಲ ಅಂತ ಮೆಕ್ಯಾನಿಕ್ಕಿಗೆ ಹೇಳು!" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮವರು ಕೂಡ ಕಣ್ಣೊರೆಸಿಕೊಂಡರು, ಆಮೇಲೆ ಧೂಳು ಬಿತ್ತು ಅಂದರು.

ವಾಪಸು ಬಂದ ದಿನ ನಮ್ಮವರು ಕಪ್ಪು ಬಣ್ಣದ ಡಬ್ಬಿ ಹಿಡಿದು ಗಾರ್ಡಿನ ಗೀರು ಮುಚ್ಚಲು ಹೋದರು. ಮಾವ ಅಡ್ಡ ನಿಂತರು. "ಮುಟ್ಟಬೇಡಪ್ಪಾ. ಅದು ನನ್ನ ಮಂಡಿ ಮೇಲೆ ಆಗಬೇಕಿದ್ದ ಗೀರು."

ಈಗ ಅವರ ಹಜಾರದಲ್ಲಿ ಪ್ರಮಾಣಪತ್ರದ ಕೆಳಗೆ ಇನ್ನೊಂದು ಮೊಳೆ ಇದೆ. ಅದಕ್ಕೆ ತೂತು ಬಿದ್ದ ಟವಲು ನೇತು ಹಾಕಿದ್ದಾರೆ ಅತ್ತೆ. ನೀರು ಕೇಳಿಕೊಂಡು ಹೋದವರಿಗೆ ಈಗ ಎರಡು ಕಥೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಎತ್ತರದ, ಭಾರದ ಬೈಕಿದೆಯೇ? ಕೆಟ್ಟ ದಾರಿಗೆ, ಸಾಮಾನು ಹೇರಿಕೊಂಡು, ದೂರ ಹೋಗುವವರಿದ್ದಾರೆಯೇ? ಹಾಗಾದರೆ ಹೊರಡುವ ಒಂದು ವಾರ ಮೊದಲೇ ಕ್ರ್ಯಾಶ್ ಗಾರ್ಡಿನ ಬಗ್ಗೆ ಗೊತ್ತಿರುವವರನ್ನು ಕೇಳಿ. ನಿಮ್ಮ ಊರಿನ ನಿಯಮ ಏನೆಂದು ತಿಳಿದುಕೊಂಡು, ನಿಮ್ಮ ಗಾಡಿಗೇ ಅಂತ ಮಾಡಿದ್ದನ್ನು ಸರಿಯಾದ ಬೋಲ್ಟಿನಲ್ಲಿ ಕೂರಿಸಿ. ಸ್ವಲ್ಪ ದಿನ ಓಡಿಸಿದ ಮೇಲೆ ಬೋಲ್ಟು ಸಡಿಲವಾಗಿದೆಯೇ ಎಂದು ಮತ್ತೆ ನೋಡಿಸಿ. ಬಿದ್ದ ಗಾಡಿ ಎತ್ತುವುದನ್ನು ಮನೆಯ ಮುಂದೆಯೇ ಕಲಿಯಿರಿ. ಬೀಳುತ್ತಿರುವ ಗಾಡಿಯನ್ನು ಮಾತ್ರ ಹಿಡಿಯಲು ಹೋಗಬೇಡಿ, ಬಿಟ್ಟು ದೂರ ಸರಿಯಿರಿ. ಗಾರ್ಡ್ ಇದೆ ಎಂದು ಹೆಲ್ಮೆಟ್ಟು, ಬೂಟು ಮನೆಯಲ್ಲಿ ಬಿಡಬೇಡಿ. ಮಾವನಿಗೆ ಸಿಕ್ಕ ಆ ಗೇಣು ಜಾಗ ಎಲ್ಲರಿಗೂ ಪ್ರತಿ ಸಲ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ.

ನಿಮ್ಮ ಮನೆಯಲ್ಲೂ 'ನಾನು ಬೀಳೋನಲ್ಲ' ಎನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಡ್ರೈವರ್ ಮಾವನ ಮನೆಗೆ ಕಳಿಸಿ, ಆ ಟವಲಿನ ತೂತಿನಲ್ಲಿ ಬೆರಳಾಡಿಸಿ ನೋಡಲಿ. ಗೀರು ಬೀಳುವುದಿದ್ದರೆ ಪೈಪಿನ ಮೇಲೆ ಬೀಳಲಿ, ನಿಮ್ಮವರ ಮೇಲೆ ಬೇಡ.